ತಾಯಿ-ಮಗುವಿನ ಲಯ ಮತ್ತು ಕಂಪ್ಯೂಟರ್ ಮಾಡೆಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಮಕ್ಕಳಿಗೆ ಗಣಿತ ಹೇಳಿಕೊಡುವ ನನಗೆ ಈ ಪ್ರಶ್ನೆಗಳು ಎರಡು ಕಡೆಯಿಂದ ಬರುತ್ತವೆ. ಒಂದು ಕಡೆ ಪ್ರಾಜೆಕ್ಟ್ ಹುಡುಕುವ ವಿದ್ಯಾರ್ಥಿಗಳು. ಇನ್ನೊಂದು ಕಡೆ ಶಿಡ್ಲಘಟ್ಟ, ಚಿಂತಾಮಣಿ, ಗುಡಿಬಂಡೆ ಕಡೆಯ ತಾಯಂದಿರು, ಅಂಗನವಾಡಿ ಕಾರ್ಯಕರ್ತೆಯರು. ಇಬ್ಬರಿಗೂ ಒಂದೇ ಕಡೆ ಉತ್ತರ ಸಿಗಲಿ ಅಂತ ಇದನ್ನು ಬರೆದಿದ್ದೇನೆ. ಲೆಕ್ಕ ಬೇಡ ಅನ್ನುವವರು ಆ ಭಾಗ ಬಿಟ್ಟು ಓದಿದರೂ ಮಿಕ್ಕಿದ್ದು ಅರ್ಥವಾಗುತ್ತದೆ.

ತಾಯಿಗೂ ಮಗುವಿಗೂ ಲಯ ಕೂಡುತ್ತದೆ ಅಂದರೆ ಏನು?

ಮಗುವಿನ ಮೈಯೆಲ್ಲ ಲಯವೇ. ಆಗ ತಾನೆ ಹುಟ್ಟಿದ ಕೂಸಿನ ಎದೆ ನಿಮಿಷಕ್ಕೆ ಸುಮಾರು 120ರಿಂದ 160 ಸಲ ಬಡಿಯುತ್ತದೆ. ಉಸಿರಾಟ 40ರಿಂದ 60 ಸಲ. ಹಾಲು ಕುಡಿಯುವಾಗ ಸೆಕೆಂಡಿಗೆ ಹೆಚ್ಚುಕಮ್ಮಿ ಒಂದು ಸಲ ಚೀಪುತ್ತದೆ, ಹಾಲು ಬರದೆ ಸುಮ್ನೆ ಚೀಪುವಾಗ ಎರಡು ಸಲ. ಕಾಲು ಒದೆಯುವುದಕ್ಕೆ, ಕೈ ಆಡಿಸುವುದಕ್ಕೆ, ‘ಊಂ’ ‘ಆ’ ಅನ್ನುವುದಕ್ಕೂ ಒಂದೊಂದು ಗತಿ ಇದೆ.

ತಾಯಿಯ ಕಡೆ ನೋಡಿ. ತಟ್ಟುವ ಕೈ, ತೂಗುವ ಮಡಿಲು, ಜೋಗುಳ, ‘ಏನ್ ಕಂದ, ಏನಾಯ್ತು ನನ್ ಬಂಗಾರಕ್ಕೆ’ ಅನ್ನುವ ಮಾತು. ಈ ಎರಡು ಗತಿಗಳು ಒಂದನ್ನೊಂದು ಎಳೆಯುತ್ತವೆ. ಸ್ವಲ್ಪ ಹೊತ್ತು ಹೊಂದುತ್ತವೆ, ತಪ್ಪುತ್ತವೆ, ಮತ್ತೆ ಹೊಂದುತ್ತವೆ. ಇಬ್ಬರೂ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡಬೇಕು ಅಂತಿಲ್ಲ. ಅಮ್ಮ ಮಾತಾಡುವಾಗ ಮಗು ಸುಮ್ಮನಿದ್ದು, ಅವಳು ನಿಲ್ಲಿಸಿದ ಮೇಲೆ ‘ಊಂ’ ಅಂದರೆ ಅದೂ ಲಯ ಕೂಡಿದ್ದೇ.

ಅಷ್ಟು ಚಿಕ್ಕ ಕೂಸಿಗೆ ತಾಳ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಹಂಗೇರಿಯಲ್ಲಿ ಇಸ್ಟ್‌ವಾನ್ ವಿಂಕ್ಲರ್ ಮತ್ತು ಜೊತೆಯವರು ಹುಟ್ಟಿ ಎರಡು-ಮೂರು ದಿನದ ಕೂಸುಗಳಿಗೆ ನಿದ್ದೆಯಲ್ಲೇ ಡ್ರಮ್ ತಾಳ ಕೇಳಿಸಿ, ಮಿದುಳಿನ ವಿದ್ಯುತ್ ಸಂಕೇತ ಅಳೆದರು. ತಾಳದ ಮುಖ್ಯ ಪೆಟ್ಟನ್ನು ಬೇಕಂತಲೇ ಬಿಟ್ಟಾಗ ಮಿದುಳು ‘ಏನೋ ತಪ್ಪಿತು’ ಅನ್ನುವಂತೆ ಪ್ರತಿಕ್ರಿಯಿಸಿತು. ಇದು 2009ರಲ್ಲಿ ಪ್ರಕಟವಾಯಿತು. ಮೈಯಿಂದ ತಾಳಕ್ಕೆ ಸರಿಯಾಗಿ ಕುಣಿಯುವುದು ಬೇರೆ ಮಾತು, ಅದಕ್ಕೆ ವರ್ಷಗಳೇ ಬೇಕು. ಕೇಳುವ ಕಿವಿ ಮೊದಲು ಬರುತ್ತದೆ, ಹಿಡಿತ ಆಮೇಲೆ.

ಇದರಲ್ಲಿ ಕಂಪ್ಯೂಟರ್‌ಗೆ ಏನು ಕೆಲಸ? ಕಣ್ಣಿಗೆ ಕಾಣಲ್ವಾ?

ಕಣ್ಣಿಗೆ ಕಾಣುತ್ತದೆ, ಆದರೆ ಕಣ್ಣು ಮೋಸವನ್ನೂ ಮಾಡುತ್ತದೆ. 1974ರಲ್ಲಿ ಕಾಂಡನ್ ಮತ್ತು ಸ್ಯಾಂಡರ್ ಎಂಬ ಇಬ್ಬರು ಸಿನಿಮಾ ರೀಲನ್ನು ಒಂದೊಂದೇ ಫ್ರೇಮ್ ನೋಡಿ, ನವಜಾತ ಶಿಶು ದೊಡ್ಡವರ ಮಾತಿನ ತುಣುಕುಗಳಿಗೆ ಹೊಂದಿಕೊಂಡು ಕೈಕಾಲು ಆಡಿಸುತ್ತದೆ ಅಂತ ಬರೆದರು. ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆಯವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ಮಗು ಯಾವಾಗಲೂ ಕೈಕಾಲು ಆಡಿಸುತ್ತಲೇ ಇರುತ್ತದೆ, ಮಾತು ಹರಿಯುತ್ತಲೇ ಇರುತ್ತದೆ. ಎರಡೂ ಎಲ್ಲೋ ಒಂದು ಕಡೆ ಸೇರಲೇಬೇಕಲ್ವಾ?

ಆಕಸ್ಮಿಕವಾಗಿ ಸೇರಿದ್ದು ಎಷ್ಟು, ನಿಜವಾಗಿ ಸೇರಿದ್ದು ಎಷ್ಟು ಅಂತ ಬೇರ್ಪಡಿಸಲು ಲೆಕ್ಕ ಬೇಕು. ಒಂದು ಒಳ್ಳೆಯ ಉಪಾಯವಿದೆ. ಚಿಂತಾಮಣಿಯ ತಾಯಿಯ ರೆಕಾರ್ಡಿಂಗನ್ನು ಗುಡಿಬಂಡೆಯ ಮಗುವಿನ ರೆಕಾರ್ಡಿಂಗ್ ಜೊತೆ ಕೂಡಿಸಿ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ಅಲ್ಲಿ ಬರುವ ಹೊಂದಾಣಿಕೆ ಬರೀ ಆಕಸ್ಮಿಕ. ಇಂಥ ಸುಳ್ಳು ಜೋಡಿಗಳನ್ನು ಕಂಪ್ಯೂಟರ್‌ನಲ್ಲಿ ಸಾವಿರಗಟ್ಟಲೆ ಮಾಡಿ, ನಿಜವಾದ ಜೋಡಿ ಅವುಗಳಿಗಿಂತ ಎಷ್ಟು ಮೇಲಿದೆ ಅಂತ ನೋಡುತ್ತಾರೆ. ಈ ಪರೀಕ್ಷೆ ಮಾಡದ ಪ್ರಾಜೆಕ್ಟನ್ನು ನಾನು ಒಪ್ಪುವುದಿಲ್ಲ.

ಮಾಡೆಲ್ ಒಳಗೆ ಏನಿರುತ್ತದೆ? ಬಿಡಿಸಿ ಹೇಳಿ.

ಮಾಡೆಲ್ ಅಂದರೆ ಇಬ್ಬರ ಗತಿ ಹೇಗೆ ಬದಲಾಗುತ್ತದೆ ಅನ್ನುವುದನ್ನು ಸಮೀಕರಣವಾಗಿ ಬರೆದು ಕಂಪ್ಯೂಟರ್‌ನಲ್ಲಿ ನಡೆಸಿ ನೋಡುವುದು. ನಮ್ಮ ಮನೆಗಳಲ್ಲೇ ಇರುವ ಜೋಲಿಯಿಂದ ಶುರು ಮಾಡೋಣ. ಅವರೆಕಾಯಿ ಕಾಲದಲ್ಲಿ ಶಿಡ್ಲಘಟ್ಟದ ಕಡೆ ಒಂದು ಮನೆಯಲ್ಲಿ ನೋಡಿದ್ದು. ತೊಲೆಗೆ ಹಳೇ ಸೀರೆಯ ಜೋಲಿ. ಅಜ್ಜಿ ಕೆಳಗೆ ಕೂತು ಕಾಳು ಹಿತುಕುತ್ತಿದ್ದಾರೆ. ಜೋಲಿಯ ಹಗ್ಗ ಅವರ ಕಾಲಿನ ಹೆಬ್ಬೆರಳಿಗೆ ಸುತ್ತಿದೆ. ಕಣ್ಣು ಕಾಳಿನ ಮೇಲೆ, ಆದರೆ ಜೋಲಿ ದೂರ ಹೋಗಿ ಹಿಂದಕ್ಕೆ ತಿರುಗುವ ಗಳಿಗೆಗೇ ಹೆಬ್ಬೆರಳು ಎಳೆಯುತ್ತದೆ. ಒಳಗಿಂದ ‘ಊಂ’ ಅಂದರೆ ಅಜ್ಜಿಯೂ ‘ಊಂ’ ಅನ್ನುತ್ತಾರೆ, ಎಳೆತ ಸ್ವಲ್ಪ ಮೆತ್ತಗಾಗುತ್ತದೆ.

ಜೋಲಿಗೆ ತನ್ನದೇ ಗತಿ ಇದೆ. ತೂಗುಬಿಟ್ಟ ಜಾಗದಿಂದ ಮಗುವಿನ ಮೈ ನಡುವಿನ ತನಕ ಒಂದೂವರೆ ಮೀಟರ್ ಇದ್ದರೆ ಒಂದು ತೂಗಾಟಕ್ಕೆ ಸುಮಾರು 2.5 ಸೆಕೆಂಡ್, ಅಂದರೆ ನಿಮಿಷಕ್ಕೆ 24 ಸಲ. ಎರಡು ಮೀಟರ್ ಇದ್ದರೆ ನಿಮಿಷಕ್ಕೆ 21. ಮಗುವಿನ ತೂಕ ಈ ಲೆಕ್ಕದಲ್ಲಿ ಬರುವುದೇ ಇಲ್ಲ, ಉದ್ದ ಮಾತ್ರ. ಅಜ್ಜಿಯ ಹೆಬ್ಬೆರಳು ಆ ಗತಿಗೆ ಹೊಂದಿಕೊಂಡಿದೆ. ಆದರೆ ಜೋಲಿ ಮಾತ್ರ ಅಜ್ಜಿಗಾಗಿ ತನ್ನ ಗತಿ ಬದಲಿಸುವುದಿಲ್ಲ. ಮಗು ಬದಲಿಸುತ್ತದೆ. ಮಾಡೆಲ್‌ನ ಮುಖ್ಯ ವಿಷಯ ಇರುವುದು ಇಲ್ಲೇ.

ಎರಡೂ ಕಡೆ ಬದಲಾಗುವುದನ್ನು ಮೊದಲು ಗಮನಿಸಿದವರು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್, 1665ರಲ್ಲಿ. ಒಂದೇ ಆಸರೆಗೆ ತೂಗುಹಾಕಿದ ಎರಡು ಲೋಲಕದ ಗಡಿಯಾರಗಳು ಸ್ವಲ್ಪ ಹೊತ್ತಿಗೆ ತಾವಾಗಿಯೇ ಹೊಂದಿಕೊಂಡವು. ಒಂದು ಎಡಕ್ಕೆ ಹೋದಾಗ ಇನ್ನೊಂದು ಬಲಕ್ಕೆ. ಆಸರೆಯ ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟವೇ ಅವುಗಳ ನಡುವಿನ ಸೆಳೆತ. 1975ರಲ್ಲಿ ಜಪಾನಿನ ಯೋಶಿಕಿ ಕುರಾಮೊಟೊ ಇಂಥ ಸೆಳೆತಕ್ಕೆ ಒಂದು ಸರಳ ಸಮೀಕರಣ ಬರೆದರು. ತಾಯಿ-ಮಗುವಿನ ಮಾಡೆಲ್‌ಗಳಲ್ಲಿ ಹಲವು ಇದರ ಮೇಲೇ ನಿಂತಿವೆ.

ಅಂಕಿ ಹಾಕಿ ನೋಡೋಣ. ಈ ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡವು. ಒಬ್ಬಳೇ ಇದ್ದರೆ ತಾಯಿಯ ಕೈ ನಿಮಿಷಕ್ಕೆ 70 ಸಲ ತಟ್ಟುತ್ತದೆ. ಮಗು ತನ್ನಷ್ಟಕ್ಕೆ 50 ಸಲ ಕಾಲು ಆಡಿಸುತ್ತದೆ. ವ್ಯತ್ಯಾಸ 20. ಮಗುವಿಗಾಗಿ ತಾಯಿ ಹೆಚ್ಚೆಂದರೆ 15ರಷ್ಟು ತನ್ನ ಗತಿ ಬದಲಿಸಬಲ್ಲಳು, ಮಗು ತಾಯಿಗಾಗಿ 10ರಷ್ಟು. ಇವೇ ಇಬ್ಬರ ಸೆಳೆತ. ಎರಡೂ ಸೇರಿ 25. ಇದು 20ಕ್ಕಿಂತ ಜಾಸ್ತಿ, ಹಾಗಾಗಿ ಲಯ ಕೂಡುತ್ತದೆ. ಎಲ್ಲಿ ಕೂಡುತ್ತದೆ? 20ನ್ನು 25ರಿಂದ ಭಾಗಿಸಿದರೆ 0.8. ತಾಯಿ 15ರ 0.8 ಪಾಲು, ಅಂದರೆ 12 ಇಳಿದು 58ಕ್ಕೆ ಬರುತ್ತಾಳೆ. ಮಗು 10ರ 0.8 ಪಾಲು, 8 ಏರಿ ಅದೂ 58ಕ್ಕೆ ಬರುತ್ತದೆ. ಆಗಲೂ ಮಗು ಒಂದು ಸೆಕೆಂಡಿನ ಏಳನೇ ಒಂದು ಭಾಗದಷ್ಟು ಹಿಂದೆಯೇ ಇರುತ್ತದೆ. ಕೂಡಿದ ಲಯದಲ್ಲೂ ಇಷ್ಟು ಅಂತರ ಉಳಿಯುತ್ತದೆ ಅನ್ನುವುದು ನನಗೆ ತುಂಬ ಇಷ್ಟವಾದ ಫಲಿತಾಂಶ.

ಈಗ ತಾಯಿಗೆ ಸುಸ್ತು, ಮಗುವಿಗೆ ನಿದ್ದೆ. ಸೆಳೆತ 9 ಮತ್ತು 6ಕ್ಕೆ ಇಳಿಯಿತು ಅನ್ನಿ. ಒಟ್ಟು 15, ವ್ಯತ್ಯಾಸ 20. ಲಯ ಕೂಡಿ ನಿಲ್ಲುವುದಿಲ್ಲ, ಸುಮಾರು ನಾಲ್ಕೂವರೆ ಸೆಕೆಂಡಿಗೊಮ್ಮೆ ಜಾರುತ್ತದೆ. ಆದರೆ ಒಂದೇ ಸಮ ಜಾರುವುದಿಲ್ಲ. ಹೊಂದಾಣಿಕೆಯ ಹತ್ತಿರ ಬಂದಾಗ ಅಲ್ಲೇ ತಡೆದು ತಡೆದು ನಿಧಾನವಾಗಿ ಸಾಗುತ್ತದೆ, ಆಮೇಲೆ ಸರ್ರನೆ ದಾಟಿಬಿಡುತ್ತದೆ. ಜರ್ಮನಿಯ ಎರಿಕ್ ಫಾನ್ ಹೋಲ್ಸ್ಟ್ 1930ರ ದಶಕದಲ್ಲಿ ಮೀನಿನ ರೆಕ್ಕೆಗಳ ಬಡಿತದಲ್ಲಿ ಇಂಥದ್ದನ್ನೇ ಕಂಡಿದ್ದರು.

ಮಗು ಗಡಿಯಾರ ಅಲ್ವಲ್ಲ?

ಅಲ್ಲ. ಹಸಿವು, ನಿದ್ದೆ, ಹೊಟ್ಟೆನೋವು ಎಲ್ಲ ಇರುತ್ತದೆ. ಅದಕ್ಕೇ ಮೇಲಿನ ಸಮೀಕರಣಕ್ಕೆ ಇನ್ನೆರಡು ವಿಷಯ ಸೇರಿಸುತ್ತಾರೆ: ಗತಿಯಲ್ಲಿ ಬರುವ ಆಕಸ್ಮಿಕ ಏರುಪೇರು, ಮತ್ತು ಹೊತ್ತಿಗೆ ತಕ್ಕಂತೆ ಹೆಚ್ಚುಕಮ್ಮಿಯಾಗುವ ಸೆಳೆತ. ಮಾತಿನ ಸರದಿಗೆ ಬೇರೆ ತರಹದ ಮಾಡೆಲ್ ಬೇಕು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಆಸಿಫ್ ಘಜನ್‌ಫರ್ ಅವರ ತಂಡ 2013ರಲ್ಲಿ ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳ ಕೂಗಿನ ಸರದಿಯನ್ನು ಆಂದೋಲನದ, ಅಂದರೆ ಹಿಂದೆ ಮುಂದೆ ತೂಗುವ ಗತಿಯ ಲೆಕ್ಕದಿಂದಲೇ ವಿವರಿಸಿತು. ಒಂದು ಕೂಗಿ, ಸುಮಾರು ಐದು ಸೆಕೆಂಡ್ ಬಿಟ್ಟು ಇನ್ನೊಂದು ಕೂಗುತ್ತದೆ. ದೊಡ್ಡ ಮನುಷ್ಯರ ಮಾತಿನಲ್ಲಿ ಆ ಬಿಡುವು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗ. ಮಗು ಈ ಎರಡರ ನಡುವೆ ಎಲ್ಲೋ ಕಲಿಯುತ್ತಿರುತ್ತದೆ.

ಹಾಗಾದರೆ ಯಾವಾಗಲೂ ಲಯ ಕೂಡಿರಬೇಕಾ? ನನ್ನ ಮಗು ಎಷ್ಟೋ ಸಲ ಮುಖ ತಿರುಗಿಸುತ್ತದೆ.

ತಾಯಂದಿರು ತುಂಬ ಕೇಳುವ ಪ್ರಶ್ನೆ ಇದು. ಗಾಬರಿಯಿಂದಲೇ ಕೇಳುತ್ತಾರೆ. ದಯವಿಟ್ಟು ಗಾಬರಿ ಬಿಡಿ. ಯಾವಾಗಲೂ ಕೂಡಿರಬೇಕಾಗಿಲ್ಲ, ಇರುವುದೂ ಇಲ್ಲ.

ಅಮೆರಿಕದ ಎಡ್ವರ್ಡ್ ಟ್ರಾನಿಕ್ ಆರೋಗ್ಯವಾಗಿರುವ ತಾಯಿ-ಮಕ್ಕಳನ್ನು ಎದುರುಬದುರು ಕೂರಿಸಿ ಅಳೆದಾಗ, ಇಬ್ಬರ ಭಾವ ಹೊಂದಿದ್ದ ಸಮಯ ಸುಮಾರು ಮೂರನೇ ಒಂದು ಭಾಗ, ಅಥವಾ ಅದಕ್ಕಿಂತ ಕಮ್ಮಿ. ಮಿಕ್ಕ ಹೊತ್ತೆಲ್ಲ ತಪ್ಪುವುದು, ಸರಿಮಾಡಿಕೊಳ್ಳುವುದು. ಇದೇ ಟ್ರಾನಿಕ್ 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಾಯಿಗೆ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂರಲು ಹೇಳಿದ್ದರು. ಮಗು ಮೊದಲು ನಗುತ್ತದೆ, ಸದ್ದು ಮಾಡುತ್ತದೆ, ತಾಯಿಯನ್ನು ಮತ್ತೆ ಆಟಕ್ಕೆ ಎಳೆಯಲು ನೋಡುತ್ತದೆ. ಆಗದಿದ್ದಾಗ ಮುಖ ತಿರುಗಿಸಿ ಬಾಡಿಹೋಗುತ್ತದೆ. ಕೆಲವೇ ತಿಂಗಳ ಕೂಸಿಗೆ ಲಯ ತಪ್ಪಿದ್ದೂ ಗೊತ್ತು, ಸರಿಮಾಡಲು ಏನು ಮಾಡಬೇಕು ಅನ್ನುವುದೂ ಗೊತ್ತು.

2001ರಲ್ಲಿ ಜೋಸೆಫ್ ಜಾಫೆ, ಬಿಯಾಟ್ರಿಸ್ ಬೀಬಿ ಮತ್ತು ಜೊತೆಯವರು ಇನ್ನೊಂದು ಮಾತು ಹೇಳಿದರು. ನಾಲ್ಕು ತಿಂಗಳಲ್ಲಿ ತಾಯಿ-ಮಗುವಿನ ದನಿಯ ಲಯ ಎಷ್ಟು ಹೊಂದಿದೆ ಅಂತ ಕಂಪ್ಯೂಟರ್‌ನಿಂದ ಅಳೆದು, ಒಂದು ವರ್ಷವಾದಾಗ ಆ ಮಗುವಿನ ಬಾಂಧವ್ಯ ಹೇಗಿದೆ ಅಂತ ನೋಡಿದರು. ಮಧ್ಯಮ ಹೊಂದಾಣಿಕೆ ಇದ್ದವರಲ್ಲಿ ಭದ್ರವಾದ ಬಾಂಧವ್ಯ ಕಂಡಿತು. ಅತಿಯಾಗಿ ಬಿಗಿಯಾಗಿದ್ದ ಕಡೆ ಅಷ್ಟು ಚೆನ್ನಾಗಿರಲಿಲ್ಲ. ಪ್ರತಿ ಸಣ್ಣ ಅಲುಗಾಟವನ್ನೂ ಹಿಂಬಾಲಿಸುವುದು ಎಚ್ಚರಿಕೆಯ, ಆತಂಕದ ಗುರುತೂ ಆಗಬಹುದು. ಮಗು ಮುಖ ತಿರುಗಿಸಿದರೆ ಅದಕ್ಕೆ ಉಸಿರಾಡಲು ಸ್ವಲ್ಪ ಬಿಡುವು ಬೇಕಾಗಿದೆ ಅಂತ ತಿಳಿಯಿರಿ. ಕಾಯಿರಿ. ತಿರುಗಿ ನೋಡಿದಾಗ ನೀವು ಅಲ್ಲೇ ಇದ್ದರೆ ಸಾಕು.

ಯಾರು ಯಾರನ್ನು ಹಿಂಬಾಲಿಸುತ್ತಾರೆ?

ಶುರುವಿನ ತಿಂಗಳುಗಳಲ್ಲಿ ತಾಯಿಯೇ ಜಾಸ್ತಿ ಹೊಂದಿಕೊಳ್ಳುತ್ತಾಳೆ. ಮೇಲಿನ ಲೆಕ್ಕದಲ್ಲಿ ತಾಯಿಗೆ 15, ಮಗುವಿಗೆ 10 ಇಟ್ಟಿದ್ದು ಅದಕ್ಕೇ. ದಿನ ಕಳೆದಂತೆ ಮಗುವಿನ ಪಾಲು ಏರುತ್ತದೆ.

ಹಾಲು ಕುಡಿಸುವುದನ್ನೇ ಗಮನಿಸಿ. ಮಗು ಒಂದಷ್ಟು ಸಲ ಚೀಪಿ ನಿಲ್ಲಿಸುತ್ತದೆ, ಮತ್ತೆ ಚೀಪುತ್ತದೆ. ಆ ಬಿಡುವಿನಲ್ಲಿ ತಾಯಿ ತನಗೇ ಗೊತ್ತಿಲ್ಲದೆ ಮಗುವನ್ನು ಮೆಲ್ಲಗೆ ಅಲುಗಿಸುತ್ತಾಳೆ. ಅಲುಗಿಸಿದ್ದಕ್ಕೇ ಮಗು ಚೀಪುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಕೆನೆತ್ ಕೇ ಮತ್ತು ವೆಲ್ಸ್ 1980ರಲ್ಲಿ ಅಳೆದು ನೋಡಿದಾಗ ಬೇರೆಯೇ ಕಂಡಿತು: ಅಲುಗಿಸುವುದು ನಿಂತ ಮೇಲೆ ಮಗು ಚೀಪಲು ಶುರು ಮಾಡುತ್ತದೆ. ಮೊದಲ ಎರಡು ವಾರದಲ್ಲೇ ತಾಯಂದಿರ ಅಲುಗಿಸುವಿಕೆ ಚಿಕ್ಕದಾಗುತ್ತಾ ಹೋಗುತ್ತದೆ. ನನ್ನ ಸರದಿ, ನಿನ್ನ ಸರದಿ ಅನ್ನುವ ಪಾಠ ಎದೆಹಾಲಿನ ಜೊತೆಗೇ ಶುರುವಾಗಿರುತ್ತದೆ. ಯಾರೂ ಹೇಳಿಕೊಡದೆ ಇದು ನಡೆಯುತ್ತದೆ ಅನ್ನುವುದು ನನಗೆ ಈಗಲೂ ಆಶ್ಚರ್ಯ.

ಮೊಬೈಲಲ್ಲಿ ಜೋಗುಳ ಹಾಕಿದರೆ ಸಾಲಲ್ವಾ?

ಸಮಾಧಾನ ಮಾಡಲು ಸಹಾಯ ಮಾಡುತ್ತದೆ, ಅದು ನಿಜ. ಕೇಳಿರದ ಭಾಷೆಯ ಜೋಗುಳಕ್ಕೂ ಅಮೆರಿಕದ ಮಕ್ಕಳ ಎದೆಬಡಿತ ನಿಧಾನವಾದದ್ದನ್ನು ಸಂಶೋಧಕರು ಅಳೆದಿದ್ದಾರೆ. ಆದರೆ ಮೊಬೈಲ್ ಕಡೆಯ ಸೆಳೆತ ಸೊನ್ನೆ. ಮಗು ಎಷ್ಟು ಬದಲಾದರೂ ಹಾಡು ಬದಲಾಗದು. 1985ರಲ್ಲಿ ಲಿನ್ ಮರ್ರೆ ಮತ್ತು ಕಾಲ್ವಿನ್ ಟ್ರೆವಾರ್ಥನ್ ತಾಯಿ-ಮಗುವನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಟಿವಿ ಮೂಲಕ ಮಾತಾಡಿಸಿದರು. ನೇರ ಪ್ರಸಾರದಲ್ಲಿ ಮಗು ಖುಷಿಯಾಗಿತ್ತು. ಅದೇ ತಾಯಿಯ ಅದೇ ನಗುವನ್ನು ರೆಕಾರ್ಡ್ ಮಾಡಿ ತೋರಿಸಿದಾಗ ಮಗು ಗೊಂದಲಕ್ಕೆ ಬಿದ್ದಿತು. ಆಮೇಲೆ ಬೇರೆಯವರು ಇದನ್ನೇ ಮಾಡಿದಾಗ ಎಲ್ಲ ಸಲವೂ ಇದೇ ಫಲಿತಾಂಶ ಬಂದಿಲ್ಲ, ಅದನ್ನೂ ಹೇಳಬೇಕು. ಹೊರದೇಶದಲ್ಲಿರುವ ಅಪ್ಪ ವಿಡಿಯೊ ಕಾಲ್‌ನಲ್ಲಿ ಆಡಿಸುವುದು ರೆಕಾರ್ಡಿಂಗ್‌ಗಿಂತ ಎಷ್ಟೋ ಮೇಲು, ಏಕೆಂದರೆ ಅಲ್ಲಿ ಉತ್ತರ ಬರುತ್ತದೆ.

ನಮ್ಮ ಮನೇಲಿ ತೆಲುಗು, ಬೀದೀಲಿ ಕನ್ನಡ. ಮಗುವಿನ ಲಯ ಕೆಡುತ್ತಾ?

ಕೆಡುವುದಿಲ್ಲ. ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ತಲೆಮಾರುಗಳಿಂದ ಮಕ್ಕಳು ಹೀಗೇ ಬೆಳೆದಿದ್ದಾರೆ.

ಅಮ್ಮನೇ ಆಗಬೇಕಾ? ಅಜ್ಜಿ, ಅಪ್ಪ, ಅಕ್ಕ ಆದರೆ?

ಸಮೀಕರಣದಲ್ಲಿ ತಾಯಿ ಅಂತ ಬರೆದಿರುವುದಿಲ್ಲ, ಇಬ್ಬರು ಅಂತ ಮಾತ್ರ ಇರುತ್ತದೆ. ಯಾರು ಉತ್ತರ ಕೊಡುತ್ತಾರೋ ಅವರ ಜೊತೆ ಲಯ ಕೂಡುತ್ತದೆ.

ಇಲ್ಲಿ ಒಂದು ತಕರಾರು ಹೇಳಲೇಬೇಕು. ಹೆಚ್ಚಿನ ಅಧ್ಯಯನಗಳು ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ತಾಯಿಯನ್ನು ಕೂರಿಸಿ ಮಾಡಿದವು. ನಮ್ಮಲ್ಲಿ ಮಗು ಸೊಂಟದ ಮೇಲಿರುತ್ತದೆ, ಹೆಗಲ ಮೇಲಿರುತ್ತದೆ, ಚಾಚಿದ ಕಾಲಿನ ಮೇಲೆ ಎಣ್ಣೆ ಹಚ್ಚಿಸಿಕೊಳ್ಳುತ್ತಿರುತ್ತದೆ. ಸೆರಗಿನ ಕೆಳಗೆ ಬೆನ್ನು ತಟ್ಟುವ ಕೈ ಕ್ಯಾಮೆರಾಗೆ ಕಾಣುವುದೇ ಇಲ್ಲ. ಜರ್ಮನಿಯ ಹೈಡಿ ಕೆಲ್ಲರ್ ಆಫ್ರಿಕಾದ ಕ್ಯಾಮರೂನಿನ ಎನ್ಸೊ ಸಮುದಾಯದ ರೈತ ತಾಯಂದಿರನ್ನು ಜರ್ಮನಿಯ ಪಟ್ಟಣದ ತಾಯಂದಿರ ಜೊತೆ ಹೋಲಿಸಿದಾಗ, ಎನ್ಸೊ ತಾಯಂದಿರಲ್ಲಿ ಮೈಸ್ಪರ್ಶ, ಕುಣಿಸುವುದು, ಮಗುವಿನ ಜೊತೆಗೇ ದನಿ ಸೇರಿಸುವುದು ಜಾಸ್ತಿ ಕಂಡಿತು. ಮುಖ ನೋಡುವುದನ್ನು ಮಾತ್ರ ಎಣಿಸುವ ಮಾಡೆಲ್ ಇಂಥ ತಾಯಂದಿರಿಗೆ ಕಮ್ಮಿ ಅಂಕ ಕೊಡುತ್ತದೆ. ಆಗ ತಪ್ಪು ಮಾಡೆಲ್‌ನದು.

ಎತ್ತಿಕೊಂಡು ನಡೆದರೆ ಮಲಗುತ್ತೆ, ಕೆಳಗೆ ಹಾಕಿದ ತಕ್ಷಣ ಏಳುತ್ತೆ. ಯಾಕೆ?

ಜಪಾನಿನಲ್ಲಿ ಕುಮಿ ಕುರೋಡಾ ಅವರ ತಂಡ ಇದನ್ನೇ ಅಳೆದಿದೆ. ಎತ್ತಿಕೊಂಡು ಕೂತರೆ ಸಾಲದು, ನಡೆದಾಗ ಮಗುವಿನ ಎದೆಬಡಿತ ಬೇಗ ಇಳಿಯುತ್ತದೆ ಅಂತ 2013ರಲ್ಲಿ ತೋರಿಸಿದರು. 2022ರಲ್ಲಿ ಅವರು ಕೊಟ್ಟ ಸಲಹೆ: ಅಳುವ ಮಗುವನ್ನು ಐದು ನಿಮಿಷ ಎತ್ತಿಕೊಂಡು ಒಂದೇ ಸಮ ನಡೆಯಿರಿ. ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂರಿ, ಆಮೇಲೆ ಮಲಗಿಸಿ. ಅವರು ನೋಡಿದ್ದು 21 ಮಕ್ಕಳನ್ನು ಮಾತ್ರ, ಹಾಗಾಗಿ ನಿಮ್ಮ ಮಗುವಿಗೆ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು. ನಿದ್ದೆ ಹೋದ ಮಗುವನ್ನು ಗಟ್ಟಿಯಾದ, ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕು. ಯಾರೂ ಇಲ್ಲದಾಗ ಜೋಲಿಯಲ್ಲಿ ಬಿಡಬೇಡಿ. ಎಷ್ಟೇ ಅತ್ತರೂ ಜೋರಾಗಿ ಕುಲುಕಬೇಡಿ.

ಬಾಣಂತಿಗೆ ಮನಸ್ಸು ಮಂಕಾಗಿದೆ, ಮಗುವನ್ನು ಮಾತಾಡಿಸುವುದಿಲ್ಲ. ಇದಕ್ಕೂ ಲಯಕ್ಕೂ ಸಂಬಂಧ ಇದೆಯಾ?

ಇದೆ. ಖಿನ್ನತೆ ಇರುವ ತಾಯಂದಿರ ಮಾತಿನಲ್ಲಿ ಬಿಡುವುಗಳು ಉದ್ದವಾಗುತ್ತವೆ, ಒಂದರಂತೆ ಇನ್ನೊಂದು ಇರುವುದಿಲ್ಲ ಅಂತ ಅಳತೆಗಳು ಹೇಳುತ್ತವೆ. ಮುಂದಿನ ಮಾತು ಯಾವಾಗ ಬರುತ್ತದೆ ಅಂತ ಮಗುವಿಗೆ ಊಹಿಸಲು ಕಷ್ಟವಾಗುತ್ತದೆ. ಇದು ತಾಯಿಯ ತಪ್ಪಲ್ಲ, ಸೊಕ್ಕೂ ಅಲ್ಲ. ಚಿಕಿತ್ಸೆ ಇರುವ ಕಾಯಿಲೆ. ಮನೆಯವರು ಬೈಯದೆ ಆಶಾ ಕಾರ್ಯಕರ್ತೆಗೆ ಅಥವಾ ವೈದ್ಯರಿಗೆ ಹೇಳಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ಅವಳು ಸುಧಾರಿಸಿಕೊಳ್ಳುವ ತನಕ ಮಗುವಿಗೆ ಉತ್ತರ ಕೊಡುವ ಇನ್ನೊಬ್ಬರು ಮನೆಯಲ್ಲಿರಲಿ.

ಎದೆಬಡಿತ, ಮಿದುಳು ಕೂಡ ಕೂಡುತ್ತವಂತೆ, ನಿಜವಾ?

ಇಸ್ರೇಲಿನ ರೂತ್ ಫೆಲ್ಡ್‌ಮನ್ ತಂಡ 2011ರಲ್ಲಿ ಮೂರು ತಿಂಗಳ ಮಕ್ಕಳು ಮತ್ತು ತಾಯಂದಿರ ಎದೆಬಡಿತದ ಏರಿಳಿತ ಒಂದು ಸೆಕೆಂಡಿಗಿಂತ ಕಮ್ಮಿ ಅಂತರದಲ್ಲಿ ಹೊಂದುವುದನ್ನು ಕಂಡಿತು. ನೋಟ, ದನಿ ಕೂಡಿದ ಗಳಿಗೆಗಳಲ್ಲಿ ಅದು ಇನ್ನೂ ಜಾಸ್ತಿ. 2017ರಲ್ಲಿ ವಿಕ್ಟೋರಿಯಾ ಲಿಯಾಂಗ್ ಮತ್ತು ಜೊತೆಯವರು, ದೊಡ್ಡವರು ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟು ಹಾಡಿದಾಗ ಇಬ್ಬರ ಮಿದುಳಿನ ಅಲೆಗಳ ಹೊಂದಾಣಿಕೆ ಹೆಚ್ಚುತ್ತದೆ ಅಂತ ತೋರಿಸಿದರು. ಎಚ್ಚರ ಇಷ್ಟೇ: ಇಬ್ಬರೂ ಒಂದೇ ಸದ್ದು ಕೇಳಿದರೂ ಅಲೆಗಳು ಹೊಂದಿದಂತೆ ಕಾಣುತ್ತವೆ. ಸುಳ್ಳು ಜೋಡಿಯ ಪರೀಕ್ಷೆ ಇಲ್ಲೂ ಬೇಕು.

ಈ ಲೆಕ್ಕದಿಂದ ಆಟಿಸಂ ಇದೆಯಾ ಇಲ್ಲವಾ ಅಂತ ಹೇಳಬಹುದಾ?

ಹೇಳಬಾರದು. ಅನುಮಾನ ಇದ್ದರೆ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಇದೆ, ಅಂಗನವಾಡಿಯಲ್ಲೇ ಕೇಳಿ.

ಪ್ರಾಜೆಕ್ಟ್ ಮಾಡಬೇಕು ಸರ್, ಎಲ್ಲಿಂದ ಶುರು ಮಾಡಲಿ?

ಮೊದಲು ಮನೆಯವರ ಒಪ್ಪಿಗೆ, ಬರಹದಲ್ಲಿ. ಮಗುವಿನ ವಿಡಿಯೊ ವಾಟ್ಸಾಪ್‌ಗೂ ಹೋಗಬಾರದು, ಎಲ್ಲೂ ಅಪ್‌ಲೋಡ್ ಆಗಬಾರದು. ಇದರಲ್ಲಿ ರಾಜಿ ಇಲ್ಲ.

ದುಬಾರಿ ಸಾಮಾನು ಬೇಡ. ಎರಡು ಫೋನ್, ಒಂದು ಮಗುವಿನ ಕಡೆ, ಒಂದು ತಾಯಿಯ ಕಡೆ. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಒಂದೊಂದು ಚಪ್ಪಾಳೆ ತಟ್ಟಿ. ಎರಡೂ ವಿಡಿಯೊದಲ್ಲಿ ಆ ಸದ್ದು ಸಿಗುತ್ತದೆ, ಅದರಿಂದ ಜೋಡಿಸಬಹುದು. ಫೋನಿನ ವಿಡಿಯೊ ಸೆಕೆಂಡಿಗೆ 30 ಫ್ರೇಮ್ ಇದ್ದರೆ ನಿಮ್ಮ ಅಳತೆ 33 ಮಿಲಿಸೆಕೆಂಡಿಗಿಂತ ಸೂಕ್ಷ್ಮವಾಗದು. ದನಿಗೆ ಪ್ರಾಟ್, ವಿಡಿಯೊದಲ್ಲಿ ಗುರುತು ಹಾಕಲು ಎಲಾನ್, ಎರಡೂ ಉಚಿತ ಸಾಫ್ಟ್‌ವೇರ್. ಪ್ರತಿ ತಟ್ಟು, ಪ್ರತಿ ‘ಊಂ’ ಶುರುವಾದ ಗಳಿಗೆ ಬರೆದುಕೊಳ್ಳಿ. ಒಂದೇ ವಿಡಿಯೊವನ್ನು ಇಬ್ಬರು ಬೇರೆ ಬೇರೆಯಾಗಿ ಗುರುತಿಸಿ, ಎಷ್ಟು ಹೊಂದುತ್ತದೆ ನೋಡಿ. ಆಮೇಲೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಬ್ಬರ ಗಳಿಗೆಗಳ ಸಾಲನ್ನು ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ಸರಿಸಿ, ಯಾವ ಅಂತರದಲ್ಲಿ ಹೊಂದಾಣಿಕೆ ಜಾಸ್ತಿ ಅಂತ ಸಣ್ಣ ಸಣ್ಣ ತುಣುಕುಗಳಲ್ಲಿ ಲೆಕ್ಕ ಹಾಕಿ. ಇಡೀ ವಿಡಿಯೊಗೆ ಒಂದೇ ಅಂಕಿ ತೆಗೆದರೆ, ಕೂಡಿದ್ದು ಜಾರಿದ್ದು ಎಲ್ಲ ಕಲಸಿಹೋಗುತ್ತದೆ. ಕುರಾಮೊಟೊ ಸಮೀಕರಣ ಕೊನೆಗೆ ಬರಲಿ.

ಎಷ್ಟು ತಿಂಗಳ ಮಗು ಆದರೆ ಒಳ್ಳೇದು?

ಎದುರುಬದುರು ಆಟಕ್ಕೆ ಮೂರರಿಂದ ನಾಲ್ಕು ತಿಂಗಳು ಚೆನ್ನ. ಹಾಲು ಕುಡಿದು, ನಿದ್ದೆ ಮುಗಿಸಿ ಎದ್ದಿರಬೇಕು. ಮೂರು ನಿಮಿಷದ ಒಳ್ಳೆಯ ವಿಡಿಯೊ ಸಿಕ್ಕರೆ ಗುರುತು ಹಾಕಲು ಒಂದು ವಾರದ ಕೆಲಸ ಇರುತ್ತದೆ. ಮಗು ಅತ್ತರೆ ಕ್ಯಾಮೆರಾ ಆಫ್ ಮಾಡಿ, ಇನ್ನೊಂದು ದಿನ ಹೋಗಿ.